ಡ್ರಾಪ್‌ಡೌನ್‌ನಲ್ಲಿ ಇಲ್ಲದ ಗದ್ದೆ

ಹೋದ ವರ್ಷ ಇ-ಖಾತಾ ಮಾಡಿಸ್ಕೊಳ್ಳಿ ಮಾಡಿಸ್ಕೊಳ್ಳಿ ಅಂತ ಎಲ್ಲಾ ಕಡೆ ಗಡಿಬಿಡಿ ಶುರುವಾಯ್ತಲ್ಲ, ಆಗ ನಾನೂ ನಾಲ್ಕು ದಿನ ರಜೆ ಹಾಕಿ ಹುಬ್ಬಳ್ಳಿಯಿಂದ ಕಾರವಾರಕ್ಕೆ ಬಂದೆ. ಅಪ್ಪ ಹೋಗಿ ಒಂಬತ್ತು ವರ್ಷ ಆದ್ರೂ ಮನೆ ಇನ್ನೂ ಅವನ ಹೆಸರಲ್ಲೇ ಇತ್ತು. ತೆರಿಗೆ ರಶೀದಿ, ಮರಣ ದಾಖಲೆ, ವಂಶಾವಳಿ, ಕರೆಂಟ್ ಬಿಲ್ಲು, ಆಧಾರ್ ಝೆರಾಕ್ಸ್, ಮನೆ ಎದುರು ನಿಲ್ಲಿಸಿ ತೆಗೆದ ಆಯಿಯ (ಅಮ್ಮನ) ಫೋಟೋ, ಎಲ್ಲಾ ಒಂದು ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ತುಂಬ್ಕೊಂಡು ಆಯಿ ಜೊತೆ ಹೋಗಿ ಸರದಿಯಲ್ಲಿ ಕೂತೆ. ಯಾವ ಕಚೇರಿ, ಯಾವ ಕೌಂಟರ್ ಅನ್ನೋದು ಬೇಡ. ಅಲ್ಲಿದ್ದ ಆಪರೇಟರ್ ಹುಡುಗ ಒಳ್ಳೆಯವನೇ, ಬೆಳಿಗ್ಗೆಯಿಂದ ಎಷ್ಟು ಜನರ ಹತ್ರ ಅದದೇ ಪ್ರಶ್ನೆ ಕೇಳಿದ್ದನೋ, ಆದ್ರೂ ಆಯಿ ಹತ್ರ ತಗ್ಗಿದ ದನಿಯಲ್ಲೇ ಮಾತಾಡಿದ.

"ಅಮ್ಮಾ, ಮನೆ ಎಲ್ಲಿ ಬರ್ತದೆ?"

"ನಂದನಗದ್ದೆ. ಕೆಳಗಿನ ಗದ್ದೆಯ ಕೊನೇ ಮನೆ."

"ಕೆಳಗಿನ ಗದ್ದೆ ಅಂತ ಇಲ್ಲ ಇದ್ರಲ್ಲಿ. ವಾರ್ಡ್ ನಂಬರ್ ಎಷ್ಟು?"

"ನಂಬರೆಲ್ಲ ನಂಗೊತ್ತಿಲ್ಲ ತಮ್ಮಾ. ಕೆಳಗಿನ ಗದ್ದೆ ಅಂದ್ರೆ ಯಾರು ಬೇಕಾದ್ರೂ ತೋರಿಸ್ತಾರೆ."

ಅವನು ನಕ್ಕು ಮಾನಿಟರ್ ನಮ್ಮ ಕಡೆ ತಿರುಗಿಸಿದ. ಇಲ್ಲಿ ಬಂದದ್ದನ್ನ ಮಾತ್ರ ಆರಿಸ್ಲಿಕ್ಕೆ ಬರ್ತದೆ ಅಮ್ಮಾ, ನಾವು ಹೊಸದು ಸೇರಿಸ್ಲಿಕ್ಕೆ ಬರೋದಿಲ್ಲ ಅಂದ. ಆಯಿ ಕನ್ನಡಕ ಸರಿ ಮಾಡ್ಕೊಂಡು ಆ ಉದ್ದದ ಡ್ರಾಪ್‌ಡೌನ್ ಪಟ್ಟಿಯನ್ನ ಮೇಲಿಂದ ಕೆಳಗೆ ನೋಡಿದಳು, ಪರೀಕ್ಷೆ ಫಲಿತಾಂಶದ ಹಾಳೆಯಲ್ಲಿ ಮಗಳ ನಂಬರ್ ಹುಡುಕೋ ಹಾಗೆ. ಕೊನೆಗೆ ನಾನೇ ರಶೀದಿ ನೋಡಿ ವಾರ್ಡ್ ನಂಬರ್ ಹೇಳಿದೆ. ಅವನಿಗೆ ಪಾಪ ಅನಿಸಿರಬೇಕು, "ಹತ್ತಿರದ ಗುರುತು" ಅಂತ ಒಂದು ಖಾಲಿ ಚೌಕ ಇತ್ತು, ಅದ್ರಲ್ಲಿ ಹಾಕ್ತೀನಿ ತಗೊಳ್ಳಿ ಅಂತ ಆಯಿ ಹೇಳಿದ್ದನ್ನ ಟೈಪ್ ಮಾಡಿದ.

ಕೆಲಸ ಆಯ್ತು. ಅರ್ಧ ದಿನದಲ್ಲಿ ಆಯ್ತು, ಅದನ್ನೂ ಹೇಳ್ಬೇಕು, ಅಪ್ಪನ ಕಾಲದಲ್ಲಾದ್ರೆ ಇದಕ್ಕೆ ಆರು ತಿಂಗಳು. ಆದ್ರೆ ಹೊರಗೆ ಬಂದು ಕ್ಯಾಂಟೀನಲ್ಲಿ ಚಾ ಕುಡೀವಾಗ ಆಯಿ, "ಹಾಗಾದ್ರೆ ಕೆಳಗಿನ ಗದ್ದೆ ಅಂತ ಇಲ್ವೇ ಇಲ್ವಾ ಇನ್ನು?" ಅಂದಳಲ್ಲ, ಅದು ತಲೆಯಲ್ಲಿ ಕೂತುಬಿಡ್ತು. ನಾನು ಆಗ, ಅಯ್ಯೋ ಹೆಸರಲ್ಲಿ ಎಂತ ಉಂಟು ಬಿಡು ಅಂದಿದ್ದೆ. ಈಗ ವರ್ಷ ಆದ್ಮೇಲೆ, ಆ ಉತ್ತರ ಸರಿಯಿರಲಿಲ್ಲ ಅನ್ಸಿ ಇದನ್ನ ಬರೀತಿದ್ದೀನಿ.

ಗದ್ದೆ, ಬಾಗ, ಕೋಡಿ

ಕಾರವಾರದವರಿಗೆ ಹೇಳೋದೇನೂ ಬೇಡ, ಆದ್ರೂ ಒಂದ್ಸಲ ಹೆಸರುಗಳನ್ನ ಸುಮ್ನೆ ಬಾಯಲ್ಲಿ ಹೇಳಿ ನೋಡಿ. ನಂದನಗದ್ದಾ, ಅಲಿಗದ್ದಾ. ಬೋರ್ಡಿನ ಮೇಲೆ ಗದ್ದಾ, ನಮ್ಮ ಮನೆ ಕನ್ನಡದಲ್ಲಿ ಗದ್ದೆ, ಎರಡೂ ಒಂದೇ. ಕಾಜುಬಾಗ ಅಂದ್ರೆ ಗೇರುತೋಟ, ಕಾಜು ಯಾರಿಗೆ ಗೊತ್ತಿಲ್ಲ. ಕೋಡಿಬಾಗದ ಕೋಡಿ ಅಂದ್ರೆ ಕರಾವಳಿಯಲ್ಲಿ ನದಿ ಸಮುದ್ರ ಸೇರೋ ಕಡೆಯ ಮರಳಿನ ತುದಿ, ಕಾಳಿ ನದಿ ಸರಿಯಾಗಿ ಅಲ್ಲೇ ಸಮುದ್ರ ಸೇರ್ತದೆ. ಬೈತಖೋಲ ಅರಬ್ಬೀ ಹೆಸರು, ಹಡಗುಗಳು ಸುರಕ್ಷಿತವಾಗಿ ನಿಲ್ಲೋ ಕೊಲ್ಲಿ ಅಂತ ಅರ್ಥ ಅಂತಾರೆ, ಇವತ್ತಿಗೂ ಬಂದರು ಅಲ್ಲೇ ಇದೆ. ಸುಂಕೇರಿಯಲ್ಲಿ ಸುಂಕ ಇದೆಯೋ ಏನೋ, ಅದು ನನ್ನ ಊಹೆ, ಬಿಡಿ. ಕಾರವಾರ ಅನ್ನೋ ಹೆಸರೇ ಸಮುದ್ರದಿಂದ ಸ್ವಲ್ಪ ಒಳಗಿರೋ ಕಡವಾಡದಿಂದ ಬಂದದ್ದು. 1638ರಲ್ಲೇ ಇಂಗ್ಲಿಷ್ ವ್ಯಾಪಾರಿಗಳು ಅಲ್ಲಿ ಬಂದು ಕೋಠಿ ಹಾಕಿದ್ರು, ಮೆಣಸಿಗಾಗಿ, ಬಟ್ಟೆಗಾಗಿ. ಹೆಸರು ಮಾತ್ರ ಕಡವಾಡದಿಂದ ಜಾರಿ ಸಮುದ್ರದ ದಂಡೆಗೆ ಬಂತು, ಕಡವಾಡ ಈಗ ಬಸ್ಸಿನ ಬೋರ್ಡಿನಲ್ಲಿ ಮಾತ್ರ ದೊಡ್ಡದಾಗಿ ಕಾಣೋ ಊರು.

ನಮ್ಮ ಕರಾವಳಿ ಊರುಗಳ ನೆಲದ ಲೆಕ್ಕ ಹೆಚ್ಚುಕಡಿಮೆ ಒಂದೇ ಥರ. ಸಮುದ್ರಕ್ಕೆ ತಾಗಿ ಮರಳಿನ ದಿಬ್ಬ, ಅದರ ಹಿಂದೆ ತಗ್ಗು, ತಗ್ಗಿನ ಆಚೆ ಗುಡ್ಡ. ದಿಬ್ಬದ ಮೇಲೆ ಮನೆ, ತೆಂಗು. ತಗ್ಗಿನಲ್ಲಿ ಗದ್ದೆ. ಗುಡ್ಡದ ಬುಡದಲ್ಲಿ ಗೇರು, ಹಲಸು, ಬಾವಿ. ಉಪ್ಪುನೀರು ಹತ್ತೋ ಗದ್ದೆಗಂತೂ ನಮ್ಮ ಜಿಲ್ಲೆಯಲ್ಲಿ ಗಜನಿ ಅಂತ ಬೇರೆಯೇ ಹೆಸರಿದೆ, ಅಘನಾಶಿನಿ ಕಡೆಯ ಗಜನಿಗಳಲ್ಲಿ ಉಪ್ಪು ತಡೆಯೋ ಕಗ್ಗ ಭತ್ತ ಬೆಳೀತಿದ್ರು, ಭತ್ತ ತೆಗೆದ್ಮೇಲೆ ಅದೇ ನೀರಲ್ಲಿ ಸಿಗಡಿ, ಮೀನು. ಅಂದ್ರೆ ತಗ್ಗು ಯಾವುದು, ಎತ್ತರ ಯಾವುದು, ಉಪ್ಪು ಎಲ್ಲಿವರೆಗೆ ಬರ್ತದೆ, ಇದೆಲ್ಲ ಹೆಸರಲ್ಲೇ ಬರ್ಕೊಂಡಿತ್ತು. ಗದ್ದೆ ಅಂತ ಹೆಸರಿದ್ರೆ ಅಲ್ಲಿ ನೀರು ನಿಲ್ತದೆ, ನಿಲ್ಲಬೇಕು ಅಂತಲೇ ಬದು ಕಟ್ಟಿರ್ತಾರೆ. ನಾವು ಅಂಥಾ ಜಾಗ ಎನ್‌ಎ (ಕೃಷಿಯೇತರ) ಮಾಡಿಸಿ, ಪ್ಲಾಟ್ ಹಾಕಿ, ಕೆಂಪುಮಣ್ಣು ಸುರಿದು ಮನೆ ಕಟ್ಟಿ, ಆಮೇಲೆ ಜುಲೈ ತಿಂಗಳಲ್ಲಿ ನೀರು ಬಂತು ಅಂತ ಆಶ್ಚರ್ಯ ಪಡ್ತೀವಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳೋ ಊರಿದು, ಅದ್ರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ.

ಬಚ್ಚಲಮನೆ ಹಿಂದಿನ ತೂತು

ನಾನು ಆಗ ಆರನೇ ಕ್ಲಾಸು. ನಮ್ಮ ಮನೆಗೆ ಮೂರು ಮೆಟ್ಟಿಲು, ಚಿರೇಕಲ್ಲಿಂದು. ಮಳೆಗಾಲದಲ್ಲಿ ಅಪ್ಪನಿಗೆ ಆ ಮೆಟ್ಟಿಲುಗಳೇ ಅಳತೆಗೋಲು. ಮೊದಲನೇ ಮೆಟ್ಟಿಲಿಗೆ ನೀರು ಬಂದ್ರೆ ಏನೂ ಇಲ್ಲ, ಪೇಪರ್ ಓದ್ತಾ ಕೂರ್ತಿದ್ದ. ಎರಡನೇದು ಮುಳುಗಿದ್ರೆ ಅಕ್ಕಿ ಡಬ್ಬಿ, ನಮ್ಮ ಪಾಟಿಚೀಲ, ಆಯಿಯ ಹೊಲಿಗೆ ಮಿಷನ್ನಿನ ತಲೆ ಎಲ್ಲಾ ಮಂಚದ ಮೇಲೆ. ಮೂರನೇದು ನಾನು ನೋಡಿದ್ದು ಅದೊಂದೇ ರಾತ್ರಿ. ಕರೆಂಟ್ ಸಂಜೆಯೇ ಹೋಗಿತ್ತು, ಚಿಮಣಿ ದೀಪದ ಬೆಳಕಲ್ಲಿ ಅಂಗಳದ ನೀರು ಕರೀ ಎಣ್ಣೆ ಥರ ಕಾಣ್ತಿತ್ತು, ನಮ್ಮ ಚಪ್ಪಲಿಗಳು ತುಳಸಿಕಟ್ಟೆಗೆ ಸುತ್ತು ಹಾಕ್ತಿದ್ವು. ಅಮಾವಾಸ್ಯೆ ಎದುರಿತ್ತು. ಇದು ಗೊತ್ತಿಲ್ಲದವರಿಗೆ ಹೇಳ್ಬೇಕು, ಅಮಾವಾಸ್ಯೆ ಹುಣ್ಣಿಮೆ ಹೊತ್ತಿಗೆ ಭರತಿ (ಸಮುದ್ರದ ಉಬ್ಬರ) ಜೋರು. ಕಾಳಿಯೂ ಉಬ್ಬಿರ್ತದೆ, ಸಮುದ್ರವೂ ಉಬ್ಬಿರ್ತದೆ. ಆ ಹೊತ್ತಿಗೆ ಮಳೆ ಬಂದ್ರೆ ಊರಿನ ನೀರು ಹೋಗೋದಾದ್ರೂ ಎಲ್ಲಿಗೆ? ಊರೊಳಗಿಂದ ಹರಿಯೋ ಕೋಣೆನಾಲಾ ಇರ್ಲಿ, ಸಣ್ಣ ಚರಂಡಿ ಇರ್ಲಿ, ಬಾಯಿ ಹತ್ರ ನೀರು ಎದುರು ನಿಂತುಬಿಡ್ತದೆ. ಭರತಿ ದಿನಕ್ಕೆ ಎರಡು ಸಲ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ. ಆಯಿಗೆ ಈ ನಿಮಿಷದ ಲೆಕ್ಕ ಗೊತ್ತಿಲ್ಲ, ಗೋಡೆಯ ಕ್ಯಾಲೆಂಡರಲ್ಲಿ ತಿಥಿ ನೋಡಿ, ಇವತ್ತು ರಾತ್ರಿ ಹನ್ನೆರಡರ ಮೇಲೆ ಇಳೀತದೆ ಅಂತ ಹೇಳ್ತಿದ್ಳು. ಹೆಚ್ಚಾಗಿ ಹಾಗೇ ಆಗ್ತಿತ್ತು.

ಅವತ್ತು ಇಳೀಲಿಲ್ಲ. ಹನ್ನೆರಡಾಯ್ತು, ಒಂದಾಯ್ತು, ನೀರು ಮೂರನೇ ಮೆಟ್ಟಿಲು ದಾಟಿ ಜಗುಲಿಗೆ ನಾಲಿಗೆ ಚಾಚ್ತು. ಆಗ ಪಕ್ಕದ ಮನೆ ಅಜ್ಜಿ ಕೊಪ್ಪೆ ಹಾಕ್ಕೊಂಡು, ಕೋಲು ಊರ್ಕೊಂಡು, ಮೊಣಕಾಲು ನೀರಲ್ಲಿ ನಡ್ಕೊಂಡು ಬಂದ್ಳು. ಅವಳ ಗಂಡ ಹಿಂದೆ ಇದೇ ಗದ್ದೆ ಗೇಣಿಗೆ ಮಾಡ್ತಿದ್ದ, ಆಮೇಲೆ ಪ್ಲಾಟ್ ಆದಾಗ ಮೂಲೆಯಲ್ಲಿ ಒಂದು ತುಂಡು ಅವರಿಗೆ ಉಳೀತು. ಅಪ್ಪನನ್ನ ಅವಳು ಮಾಸ್ತರೇ ಅಂತ ಕರೀತಿದ್ಳು, ಆಯಿಗೆ ಅಕ್ಕೋರೇ ಅಂತ. ಆಯಿ ಶಾಲೆ ಕಲಿಸಿದವಳೇ ಅಲ್ಲ, ಮಾಸ್ತರ ಹೆಂಡತಿ ಅಂತ ಆ ಪದವಿ.

"ಮಾಸ್ತರೇ, ನಿಮ್ಮ ಬಚ್ಚಲಮನೆ ಹಿಂದೆ ಗೋಡೆ ಒಡೀರಿ" ಅಂದ್ಳು.

ಅಪ್ಪನಿಗೆ ಅರ್ಥ ಆಗ್ಲಿಲ್ಲ. ಅವಳು ಕೋಲಿಂದ ತೋರಿಸಿದ್ಳು, ಅಲ್ಲೇ, ಆ ಬಟ್ಟೆ ಒಗಿಯೋ ಕಲ್ಲಿನ ಪಕ್ಕ. ಗದ್ದೆಯ ನೀರು ಬಿಡೋ ಬಾಯಿ ಅಲ್ಲೇ ಇತ್ತು, ಮೇಲಿನ ಗದ್ದೆ ನೀರೆಲ್ಲಾ ಇಲ್ಲಿಗೇ ಬಂದು ಇಲ್ಲಿಂದಲೇ ಹಳ್ಳಕ್ಕೆ ಹೋಗ್ತಿತ್ತು, ನೀವು ಅದರ ಮೇಲೆ ಕಂಪೌಂಡ್ ಕಟ್ಟಿದ್ರಿ, ನಾನು ಆಗಲೇ ಇವರ ಹತ್ರ ಹೇಳಿದ್ದೆ, ನನ್ನ ಮಾತು ಯಾರು ಕೇಳ್ತಾರೆ ಅಂತ ಆ ಮಳೆಯಲ್ಲೂ ಅಷ್ಟುದ್ದ ಹೇಳಿದ್ಳು. ಅಪ್ಪ ಗಣಿತದ ಮಾಸ್ತರ. ಇಳಿಜಾರು ಯಾವ ಕಡೆ ಅಂತ ಅವನದೇ ಒಂದು ಲೆಕ್ಕ ಇತ್ತು, ಅದರ ಪ್ರಕಾರ ನೀರು ರಸ್ತೆ ಕಡೆಗೆ ಹೋಗ್ಬೇಕು. ಆದ್ರೆ ಹೋಗ್ತಿರಲಿಲ್ಲವಲ್ಲ. ಹಾರೆ ತಗೊಂಡು ಹೋದ. ಎದುರಮನೆಯವರೂ ಬಂದ್ರು. ಚಿರೇಕಲ್ಲು ನೆನೆದು ಮೆತ್ತಗಾಗಿತ್ತು, ಹತ್ತಿಪ್ಪತ್ತು ಏಟಿಗೆ ಬುಡದ ಕಲ್ಲು ಸಡಿಲಾಯ್ತು, ಅದನ್ನ ಎಳೆದದ್ದೇ ಗುಳುಗುಳು ಅಂತ ಒಂದು ಸದ್ದು ಬಂತಲ್ಲ, ಆ ಸದ್ದು ನಂಗೆ ಇವತ್ತೂ ಕಿವಿಯಲ್ಲಿದೆ. ಚಪ್ಪಲಿಗಳು ಸುತ್ತು ಹಾಕೋದು ನಿಲ್ಲಿಸಿ ಒಂದರ ಹಿಂದೆ ಒಂದು ಬಚ್ಚಲಮನೆ ಕಡೆ ಹೊರಟ್ವು. ನನ್ನ ಒಂದು ಚಪ್ಪಲಿ ಹೋಯ್ತು. ಮುಕ್ಕಾಲು ಗಂಟೆಯಲ್ಲಿ ಎರಡನೇ ಮೆಟ್ಟಿಲು ಕಂಡಿತು.

ಅಪ್ಪ ಆ ತೂತನ್ನ ಮತ್ತೆ ಮುಚ್ಚಲಿಲ್ಲ. ಹಾವು ಬರ್ತದೆ ಅಂತ ಕಬ್ಬಿಣದ ಜಾಳಿಗೆ ಹಾಕಿಸಿದ. ಪ್ರತಿ ಮೇ ತಿಂಗಳ ಕೊನೆಗೆ ಕೋಲು ತೂರಿಸಿ ಕಸ, ಎಲೆ ತೆಗೆಯೋದು ಮನೆಯ ಕೆಲಸಗಳಲ್ಲಿ ಒಂದಾಯ್ತು, ಹೆಂಚಿನ ಮೇಲೆ ಬಿದ್ದ ಒಣ ಎಲೆ ಗುಡಿಸಿದ ಹಾಗೆ. ಅಜ್ಜಿಗೆ ಅದಕ್ಕೆ ಯಾರೂ ಏನೂ ಕೊಡ್ಲಿಲ್ಲ, ಮರುದಿನ ಆಯಿ ಒಂದು ಪಾತ್ರೆ ಗಂಜಿ, ಸುಟ್ಟ ಒಣ ಬಾಂಗ್ಡೆ ಕೊಟ್ಟು ಬಂದ್ಳು, ಅಷ್ಟೇ.

ನೀರು ಬಿಡುವವನ ನಕ್ಷೆ

ಇನ್ನೊಬ್ಬರು ನೆನಪಾಗೋದು ನಮ್ಮ ಓಣಿಗೆ ನೀರು ಬಿಡ್ತಿದ್ದ ವಾಲ್‌ಮನ್. ಕಾಳಿ ದಂಡೆಯಲ್ಲಿರೋ ಊರು ಕುಡಿಯೋದು ಗಂಗಾವಳಿ ನೀರು, ಇದು ಹೊರಗಿನವರಿಗೆ ಹೇಳಿದ್ರೆ ನಗ್ತಾರೆ. ನಮ್ಮ ಹತ್ರ ಬರೋ ಹೊತ್ತಿಗೆ ಕಾಳಿ ಉಪ್ಪಾಗಿರ್ತದೆ, ಹಾಗಾಗಿ ಅಂಕೋಲಾ ದಾಟಿ ಗಂಗಾವಳಿಯಿಂದ ಪೈಪಿನಲ್ಲಿ ತರಬೇಕು. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ ದಾಟಿ ಬಿದ್ದದ್ದೂ ಅದೇ ಗಂಗಾವಳಿಗೆ. ಆ ವಾರ ನಲ್ಲಿ ತಿರುಗಿಸುವಾಗಲೆಲ್ಲ ಕೈ ಒಂದು ಕ್ಷಣ ನಿಲ್ತಿತ್ತು ಅಂತ ಆಯಿ ಫೋನಲ್ಲಿ ಹೇಳಿದ್ಳು.

ವಾಲ್‌ಮನ್ ಸೈಕಲ್ ಮೇಲೆ ಬರ್ತಿದ್ರು, ಹ್ಯಾಂಡಲಿಗೆ ಉದ್ದದ ಟಿ ಆಕಾರದ ಕೀ ಕಟ್ಟಿರ್ತಿದ್ರು. ಎಲ್ಲಿ ಯಾವ ವಾಲ್ವ್, ಯಾವುದು ಎಷ್ಟು ಸುತ್ತು ತಿರುಗಿಸಿದ್ರೆ ಯಾವ ಮನೆವರೆಗೆ ನೀರು ಹೋಗ್ತದೆ, ಎಲ್ಲಾ ಬಾಯಿಪಾಠ. ಒಂದ್ಸಲ ಪೈಪು ಒಡೆದು ಹೊಸ ಇಂಜಿನಿಯರ್ ಬಂದು ನಿಂತಾಗ ಇವರು, ಹುಣಸೆಮರದಿಂದ ಹನ್ನೊಂದು ಹೆಜ್ಜೆ ಬಾವಿ ಕಡೆ ಅಂದ್ರು. ಅಲ್ಲಿ ಹುಣಸೆಮರವೂ ಇರಲಿಲ್ಲ ಬಾವಿಯೂ ಇರಲಿಲ್ಲ, ಮರ ಕಡಿದು ರಸ್ತೆ ಅಗಲ ಮಾಡಿದ್ರು, ಬಾವಿ ಮೇಲೆ ಒಂದು ಮೊಬೈಲ್ ಅಂಗಡಿ. ಆದ್ರೂ ಇವರು ಹೋಗಿ ಸರಿಯಾಗಿ ಮರ ಇದ್ದ ಜಾಗದಲ್ಲಿ ನಿಂತು, ಹೆಜ್ಜೆ ಎಣಿಸಿ, ಚಪ್ಪಲಿಯಿಂದ ಗೀಟು ಎಳೆದ್ರು. ಅಗೆದ್ರೆ ಜಾಯಿಂಟ್ ಅಲ್ಲೇ. ಇಂಜಿನಿಯರ್ ಆ ಜಾಗದ ಫೋಟೋ ತೆಗೆದ್ಕೊಂಡ್ರು, ಆ ಫೋಟೋದಲ್ಲಿ ಕಂಡದ್ದು ಬರೀ ಒಂದು ಗುಂಡಿ ಇರಬೇಕು. ಇವರು ನಿವೃತ್ತರಾಗೋ ದಿನ ಶಾಲು, ಹಣ್ಣುಬುಟ್ಟಿ ಕೊಟ್ಟು ಕಳಿಸಿದ್ರಂತೆ. ಒಂದು ನೋಟ್‌ಬುಕ್ ಕೊಟ್ಟು ನಾಲ್ಕು ದಿನ ಕೂರಿಸಿ ಎಲ್ಲಾ ಬರೆಸ್ಕೊಳ್ಳಬೇಕು ಅಂತ ಯಾರಿಗೂ ಹೊಳೀಲಿಲ್ಲ. ನಂಗೂ ಹೊಳೀಲಿಲ್ಲ, ಪಕ್ಕದ ಮನೆ ಅಜ್ಜಿಯನ್ನ ಕೂರಿಸಿ ಕೇಳ್ಬೇಕು ಅಂತಲೂ ಹೊಳೀಲಿಲ್ಲ, ಅವಳು ಹೋಗಿಯೂ ಎಷ್ಟೋ ವರ್ಷ ಆಯ್ತು.

ಬೀಚಿಗೆ ಒಂದು ಹೆಸರು

ಇತಿಹಾಸ ಅಂದ್ರೆ ನಮ್ಮೂರಲ್ಲಿ ಠಾಗೋರ್ ಹೆಸರು ಹೇಳದೆ ಮುಂದೆ ಹೋಗೋ ಹಾಗೇ ಇಲ್ಲ. 1883ರಲ್ಲಿ ಬಂದಿದ್ರು, ಅಣ್ಣ ಸತ್ಯೇಂದ್ರನಾಥ್ ಇಲ್ಲಿ ಜಿಲ್ಲಾ ನ್ಯಾಯಾಧೀಶರು, ಇವರಿಗೆ ಇಪ್ಪತ್ತೆರಡು ವರ್ಷ. ಬೀಚಿಗೆ ಅವರ ಹೆಸರಿದೆ, ಸರಿ, ಯಾರ ತಕರಾರೂ ಇಲ್ಲ. ಅವರು ತಮ್ಮ ನೆನಪುಗಳಲ್ಲಿ ಬರ್ಕೊಂಡಿರೋ ಒಂದು ಬೆಳದಿಂಗಳ ರಾತ್ರಿ ಇದೆಯಲ್ಲ, ದೋಣಿಯಲ್ಲಿ ಕಾಳಿ ನದಿ ಮೇಲೆ ಹೋಗಿ, ಶಿವಾಜಿಯ ಕಾಲದ ಗುಡ್ಡದ ಕೋಟೆ ಹತ್ರ ಇಳಿದು, ಒಬ್ಬ ರೈತನ ಚೊಕ್ಕ ಗುಡಿಸಿದ ಅಂಗಳದಲ್ಲಿ ಕೂತು ತಾವು ತಂದ ಬುತ್ತಿ ಉಂಡದ್ದು. ವಾಪಸ್ ಬರುವಾಗ ದೋಣಿಯನ್ನ ಹರಿವಿಗೆ ಬಿಟ್ಟು, ನದಿಯ ಬಾಯಿ ಹತ್ರ ಬರೋ ಹೊತ್ತಿಗೆ ತಡವಾಗಿ, ಅಲ್ಲೇ ಇಳಿದು ಮರಳ ಮೇಲೆ ನಡ್ಕೊಂಡೇ ಮನೆಗೆ ಹೋದ್ರಂತೆ. ನಂಗೆ ಇದ್ರಲ್ಲಿ ಇಷ್ಟ ಆಗೋದು ಆ ಅಂಗಳ. ಗುಡಿಸಿದವರು ಯಾರೋ, ಹೆಸರಿಲ್ಲ. ಆಮೇಲೆ ಆ ನಡಿಗೆ. ನದಿಯ ಬಾಯಿ ಅಂದ್ರೆ ಈಗಿನ ಕೋಡಿಬಾಗದ ಕಡೆ. ಮರಳ ದಿಬ್ಬದ ಮೇಲೆ ಇವರು ನಡೀತಿದ್ರೆ ಎಡಗಡೆ, ದಿಬ್ಬದ ಹಿಂದಿನ ತಗ್ಗಿನಲ್ಲಿ, ಯಾರದೋ ಭತ್ತದ ಗದ್ದೆ ಇದ್ದಿರಬೇಕು. ಅಲ್ಲಿಗೆ ಮನೆಗಳು ಬರ್ಲಿಕ್ಕೆ ಇನ್ನೂ ತುಂಬಾ ಕಾಲ ಇತ್ತು.

ಊರೇ ಆಗ ಹೊಸದು. 1862ರಲ್ಲಿ ಜಿಲ್ಲೆಯನ್ನ ಮದ್ರಾಸಿನಿಂದ ಬಾಂಬೆ ಪ್ರೆಸಿಡೆನ್ಸಿಗೆ ಕೊಟ್ಟು ಕಾರವಾರವನ್ನ ಜಿಲ್ಲಾ ಕೇಂದ್ರ ಮಾಡಿದ್ರು, ಅಲ್ಲಿವರೆಗೆ ಇದು ಮೀನುಗಾರರ ಸಣ್ಣ ಊರು. ಅಮೆರಿಕದಲ್ಲಿ ಯುದ್ಧ ನಡೆದು ಮ್ಯಾಂಚೆಸ್ಟರಿಗೆ ಹತ್ತಿ ಸಿಗದ ಹೊತ್ತು, ಧಾರವಾಡದ ಹತ್ತಿ ಸದಾಶಿವಗಡದ ಹತ್ರದಿಂದ ಹಡಗು ಹತ್ತಬೇಕು, ದೊಡ್ಡ ಬಂದರಾಗ್ಬೇಕು, ರೈಲು ಬರ್ಬೇಕು ಅಂತೆಲ್ಲ ಯೋಜನೆ. ರೈಲು ಗೋವಾದ ಮುರಗಾಂವಿಗೆ ಹೋಯ್ತು. ಹುಬ್ಬಳ್ಳಿ–ಅಂಕೋಲಾ ಲೈನು ಇವತ್ತಿಗೂ ಆಗಿಲ್ಲ, ನಾನು ಪ್ರತಿ ಸಲ ಅರಬೈಲು ಘಾಟಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿಬಿದ್ದಾಗ ಆ ಹತ್ತಿ ವ್ಯಾಪಾರಿಗಳ ನೆನಪು ಮಾಡ್ಕೊಳ್ತೀನಿ. ಆಮೇಲೆ ನೌಕಾನೆಲೆ ಬಂತು, 1986ರಲ್ಲಿ ಶಂಕುಸ್ಥಾಪನೆ, 2005ಕ್ಕೆ ಕದಂಬ ನೌಕಾನೆಲೆ ಕಾರ್ಯಾರಂಭ. ಕಾರವಾರ–ಅಂಕೋಲಾ ನಡುವಿನ ಎಷ್ಟೋ ಊರಿನವರು ಮನೆ, ಗದ್ದೆ, ದೋಣಿ ಎಳೆಯೋ ದಂಡೆ ಬಿಟ್ಟು ಪುನರ್ವಸತಿ ಕಾಲೋನಿಗೆ ಬಂದ್ರು. ನನ್ನ ಜೊತೆ ಹೈಸ್ಕೂಲಲ್ಲಿ ಅಂಥವರ ಮಕ್ಕಳಿದ್ರು. ಅವರು ಮನೆ ಎಲ್ಲಿ ಅಂತ ಕೇಳಿದ್ರೆ ಮೊದಲು ಹಳೇ ಊರಿನ ಹೆಸರು ಹೇಳಿ, ಆಮೇಲೆ ನಾಲಿಗೆ ಕಚ್ಕೊಂಡು ಕಾಲೋನಿ ಹೆಸರು ಹೇಳ್ತಿದ್ರು.

ನಿಂಗೆ ಗದ್ದೆ, ನಂಗೆ ಎಂತ?

ಇಷ್ಟೆಲ್ಲ ಹುರುಪಲ್ಲಿ ನನ್ನ ಹಳೇ ಕ್ಲಾಸ್‌ಮೇಟ್ ಒಬ್ಬಳ ಹತ್ರ, ಅವಳೂ ಇಲ್ಲೇ ಇರೋದು, ವಾಡಾಗಳ (ಕೇರಿಗಳ) ಹೆಸರು ದಾಖಲೆಯಲ್ಲಿ ಉಳೀಬೇಕು ಕಣೆ ಅಂತ ಭಾಷಣ ಮಾಡಿದೆ. ಅವಳು ಮೀನು ಆಯ್ತಾ ಇದ್ದವಳು ತಲೆ ಎತ್ತಲಿಲ್ಲ. "ನಿಂಗೆ ಗದ್ದೆ ಹೆಸರು. ನಮ್ಮ ವಾಡಾಕ್ಕೆ ಎಂತ ಹೆಸರಿತ್ತು ಅಂತ ನಿಂಗೆ ನೆನಪುಂಟಾ?" ಅಂದ್ಳು. ನೆನಪಿತ್ತು. ಜಾತಿಯ ಹೆಸರು. ಶಾಲೆಯಲ್ಲಿ ಹಾಜರಿ ಪುಸ್ತಕದಲ್ಲಿ ವಿಳಾಸ ಬರ್ಸುವಾಗ ಅವಳು ಹೇಳೋ ಮೊದಲೇ ಅರ್ಧ ಕ್ಲಾಸು ತಿರುಗಿ ನೋಡ್ತಿತ್ತು, ನಾನೂ ತಿರುಗಿ ನೋಡಿದವರಲ್ಲಿ ಒಬ್ಬಳೇ. "ನನ್ನ ಮಗಳು ಈಗ ವಾರ್ಡ್ ನಂಬರ್, ಕ್ರಾಸ್ ನಂಬರ್ ಹೇಳ್ತಾಳೆ. ಯಾರಿಗೂ ಏನೂ ಗೊತ್ತಾಗೋದಿಲ್ಲ. ನಂಗೆ ಡ್ರಾಪ್‌ಡೌನೇ ಸಾಕು ಮಾರಾಯ್ತಿ."

ನನ್ನ ಹತ್ರ ಅದಕ್ಕೆ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. ಕೇರಿಗಳಿಗೆ ಹೆಸರಿಟ್ಟವರು ನೀರಿನ ಲೆಕ್ಕದ ಜೊತೆಗೇ ಮೈಲಿಗೆಯ ಲೆಕ್ಕವನ್ನೂ ಬರೆದಿಟ್ಟಿದ್ರು, ಒಂದೇ ಪುಸ್ತಕದಲ್ಲಿ. ಬರೀ ನೀರಿನ ಹಾಳೆ ಹರ್ಕೊಂಡು ಇಟ್ಕೊಳ್ತೀನಿ ಅನ್ನೋದು ನನ್ನಂಥವಳಿಗೆ ಸುಲಭ. ಸ್ವಲ್ಪ ಹೊತ್ತಾದ್ಮೇಲೆ ಅವಳೇ ಅಂದ್ಳು, ಆದ್ರೆ ನಮ್ಮ ವಾಡಾದ ಹಿಂದಿನ ಒರತೆ ಮುಚ್ಚಿ ಯಾರೋ ಗೋಡೌನ್ ಕಟ್ಟಿದ್ದಾರೆ, ಅದರ ನೆಲ ಪ್ರತಿ ವರ್ಷ ಬಿರುಕು ಬಿಡ್ತದೆ, ನಾವು ಯಾರೂ ಹೇಳ್ಲಿಕ್ಕೆ ಹೋಗೋದಿಲ್ಲ, ಮಜಾ ನೋಡ್ತೀವಿ. ನಕ್ಕಳು. ಇಬ್ಬರೂ ನಕ್ಕೆವು. ಅವಳಿಗೆ ಬೇಕಾದ್ದು ಬಹುಶಃ ಆ ಹೆಸರಿಲ್ಲದೆಯೂ ಒರತೆಯ ಲೆಕ್ಕ ಉಳಿಯೋದು. ವಾರ್ಡ್ ನಂಬರಿನ ಪಕ್ಕ ಒಂದು ಕಾಲಂ, ಮೊದಲು ಈ ಜಾಗ ಎಂತ ಆಗಿತ್ತು ಅಂತ. ಗದ್ದೆ, ಗಜನಿ, ತೋಟ, ಹಳ್ಳದ ದಂಡೆ, ಗುಡ್ಡದ ಬುಡ. ನಾಲ್ಕಕ್ಷರದ ಕೆಲಸ.

ನಂಗೆ ಈ ಯೋಚನೆ ಬಂದಾಗಲೆಲ್ಲ ಝರಿವಾಡ ನೆನಪಾಗ್ತದೆ. 2009ರ ಅಕ್ಟೋಬರ್ 2, ಕಡವಾಡದ ಝರಿವಾಡದಲ್ಲಿ ಗುಡ್ಡ ಮನೆಗಳ ಮೇಲೆ ಕುಸಿದು 19 ಜನ ಸತ್ರು. ಝರಿ ಅಂದ್ರೆ ಎಂತ ಅಂತ ಕನ್ನಡದವರಿಗೂ ಕೊಂಕಣಿಯವರಿಗೂ ಬಿಡಿಸಿ ಹೇಳ್ಬೇಕಿಲ್ಲ. ಆ ವಾರ ಉತ್ತರ ಕರ್ನಾಟಕ ಪೂರ್ತಿ ನೆರೆ, ಹುಬ್ಬಳ್ಳಿಯ ನಮ್ಮ ಟಿವಿಯಲ್ಲಿ ಎಲ್ಲಾ ಚಾನೆಲ್‌ನಲ್ಲೂ ಅದೇ, ನಡುವೆ ಕೆಳಗಿನ ಪಟ್ಟಿಯಲ್ಲಿ ಕಾರವಾರದ ಹೆಸರು ಓಡಿಹೋಯ್ತು, ನಾನು ಆಯಿಗೆ ಫೋನ್ ಹಚ್ಚಿದ್ರೆ ಲೈನ್ ಸಿಗ್ಲಿಲ್ಲ. ಹೆಸರಲ್ಲೇ ಇತ್ತಲ್ಲ, ಮೊದಲೇ ಗೊತ್ತಾಗ್ಬೇಕಿತ್ತು ಅಂತ ಈಗ ಹೇಳೋದು ಸುಳ್ಳು ಜಾಣತನ. ಝರಿ ಇರೋ ಗುಡ್ಡಗಳೆಲ್ಲ ಕುಸಿಯೋದಿಲ್ಲ, ನೀರಿನ ಆಸರೆ ಇದೆ ಅಂತಲೇ ಅಲ್ಲಿ ಜನ ಮನೆ ಕಟ್ಟಿದ್ದು, ಬೇರೆ ಜಾಗ ಇದ್ದಿದ್ರೆ ಗುಡ್ಡದ ಬುಡಕ್ಕೆ ಯಾರು ಹೋಗ್ತಾರೆ. ಹೆಸರು ಅಷ್ಟು ಮಾತ್ರ ಹೇಳ್ತದೆ, ಈ ಗುಡ್ಡದ ಹೊಟ್ಟೆಯಲ್ಲಿ ನೀರಿದೆ ಅಂತ. ಮೇಲೆ ಮಣ್ಣು ಅಗೆಯುವವನು, ರಸ್ತೆ ಕಡಿಯುವವನು ಅಷ್ಟಾದ್ರೂ ಕೇಳಿಸ್ಕೊಂಡ್ರೆ ಸಾಕಿತ್ತು ಅನ್ಸೋದು ಶಿರೂರು ಆದ್ಮೇಲೆ ಇನ್ನೂ ಹೆಚ್ಚಾಗಿದೆ.

ಗುರುತು

ಕಾಗದದ ವಿಷಯ ಅರ್ಧಕ್ಕೇ ಬಿಟ್ಟೆ. ಅವತ್ತು ಪ್ರಿಂಟ್ ಕೈಗೆ ಬಂದ್ಮೇಲೆ ಮನೆಗೆ ಬಂದು ಆಯಿ ಜಗುಲಿಯಲ್ಲಿ ಕೂತು ಒಂದೊಂದೇ ಸಾಲು ಓದಿದ್ಳು. ಹೆಸರು ಸರಿ, ಅಳತೆ ಸರಿ, ಚಕ್ಕುಬಂದಿ ಸರಿ. ಹತ್ತಿರದ ಗುರುತು ಅನ್ನೋ ಕಡೆ ಬಂದು ನಿಂತ್ಳು. ಆ ಚೌಕದಲ್ಲಿ ಇಂತಿಷ್ಟೇ ಅಕ್ಷರ ಹಿಡಿಸೋದು ಅಂತ ಇರಬೇಕು, ಆ ಹುಡುಗ ಟೈಪ್ ಮಾಡಿದ್ದು ಪೂರ್ತಿ ಬಂದಿರಲಿಲ್ಲ. "ನಂದನಗದ್ದಾ ಕೆಳಗಿನ ಗ" ಅಂತ ಇತ್ತು.

"ಕೆಳಗಿನ ಗ. ಎಂತ ಇದು, ಗಟಾರವಾ?" ಅಂದ್ಳು ಆಯಿ.

ಆಮೇಲೆ ಅದನ್ನ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿಗೆ ರಬ್ಬರ್ ಹಾಕಿ, ಕಪಾಟಿಗೆ ಬೇಡ ಅಂತ ನನ್ನ ಕೈಯಲ್ಲಿ ಅಟ್ಟಕ್ಕೆ ಇಡಿಸಿದ್ಳು. ಕಪಾಟಿನ ಕೆಳಗಿನ ಖಾನೆಗೆ ಎರಡು ವರ್ಷದ ಹಿಂದೆ ನೀರು ಬಂದಿತ್ತು. ರಸ್ತೆಗೆ ಪ್ರತಿ ಸಲ ಹಳೇ ಡಾಂಬರಿನ ಮೇಲೇ ಹೊಸ ಡಾಂಬರು ಹಾಕಿ ಹಾಕಿ ಈಗ ಅದು ನಮ್ಮ ಮೊದಲನೇ ಮೆಟ್ಟಿಲಿಗಿಂತ ಎತ್ತರ, ಆ ಮೆಟ್ಟಿಲು ಈಗ ಲೆಕ್ಕಕ್ಕೇ ಇಲ್ಲ. ಹಿಂದಿನ ಪ್ಲಾಟಿನವರೂ ಮಣ್ಣು ಹಾಕಿಸಿ ಎತ್ತರ ಮಾಡ್ಕೊಂಡಿದ್ದಾರೆ, ಅವರ ತಪ್ಪೂ ಅಲ್ಲ, ಅವರಿಗೂ ನೀರೇ ಬರ್ತಿತ್ತು.

ಮರುದಿನ ಹೊರಡೋ ಮೊದಲು ಆಯಿ, "ಹೋಗೋದ್ರೊಳಗೆ ಆ ತೂತು ಒಂದು ನೋಡ್ಬಿಡು, ಮಳೆ ಬಂತು" ಅಂದ್ಳು. ಬಚ್ಚಲಮನೆ ಹಿಂದೆ ಹೋದೆ. ಒಗಿಯೋ ಕಲ್ಲು ಅಲ್ಲೇ ಇದೆ, ಪಾಚಿ ಕಟ್ಟಿದೆ. ಜಾಳಿಗೆ ತುಕ್ಕು ಹಿಡಿದು ಅರ್ಧ ಮುರಿದಿತ್ತು, ಅದನ್ನ ಕಿತ್ತು ಪಕ್ಕಕ್ಕಿಟ್ಟು, ಬಗ್ಗಿ ಕೂತು, ಬಿದಿರು ಕೋಲು ತೂರಿಸಿದೆ. ಒಂದಿಷ್ಟು ಗೇರೆಲೆ ಬಂತು, ಒಂದು ಶಾಂಪೂ ಪ್ಯಾಕೆಟ್ ಬಂತು. ಇನ್ನೂ ಒಳಗೆ ತಳ್ಳಿದೆ. ಕೋಲು ಮೊಳದಷ್ಟು ಹೋಗಿ ಗಟ್ಟಿ ಮಣ್ಣಿಗೆ ತಾಗಿ ನಿಂತಿತು.

"ಆಯ್ತಾ?" ಅಂತ ಆಯಿ ಒಳಗಿಂದ ಕೇಳಿದ್ಳು.